ಆಡು ಮುಟ್ಟದ ಸೊಪ್ಪು

ನನ್ನ ಗಂಡನಿಗೆ ಕೆಲಸ ಹೋದ ಸುದ್ದಿಯನ್ನು ಕಂಪನಿಯವರು ಕೇಕ್ ಕತ್ತರಿಸಿ ಹೇಳಿದರು. ಮಸ್ಕತ್ತಿನ ಹೊರಗೆ ರುಸೈಲಿನ ಒಂದು ಕಾರ್ಖಾನೆಯಲ್ಲಿ ಇವರು ಸ್ಟೋರ್ ಇನ್‌ಚಾರ್ಜ್. ಯಾವ ಬೋಲ್ಟು ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವರು. ಆ ಜಾಗಕ್ಕೆ ಒಬ್ಬಳು ಒಮಾನಿ ಹುಡುಗಿ ಬಂದಳು, ಕಂಪ್ಯೂಟರ್ ನೋಡಿ ಹೇಳುವವಳು. ಅವರ ದೇಶ, ಅವರ ಮಕ್ಕಳಿಗೆ ಕೆಲಸ ಬೇಕು, ಅದರಲ್ಲಿ ತಪ್ಪೇನಿದೆ ಎಂದು ನಾವು ಮನೆಗೆ ಬಂದವರಿಗೆಲ್ಲ ಹೇಳಿದೆವು. ಬಂದವರು ಹೋದ ಮೇಲೆ ಇವರು ಸೋಫಾದಲ್ಲಿ ಕೂತು ಟೀವಿಯ ರಿಮೋಟಿನ ಬ್ಯಾಟರಿ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದರು.

ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನುಷ್ಯ ವಿಮಾನ ಹತ್ತಬೇಕು. ಕಂಪನಿಯವರು ದಯೆಯಿಂದ ಹಳೆಯ ವೀಸಾವನ್ನು ಅದರ ಅವಧಿ ಮುಗಿಯುವವರೆಗೆ ಬಿಟ್ಟರು, ಉಳಿದದ್ದು ಕೆಲವೇ ತಿಂಗಳು. ನನಗೆ ಖುರುಮ್‌ನ ಒಂದು ಆಫೀಸಿನಲ್ಲಿ ನನ್ನದೇ ಕೆಲಸ, ನನ್ನದೇ ವೀಸಾ ಇತ್ತು. ಆದರೆ ನನ್ನ ಗ್ರೇಡಿನವರು ಗಂಡನನ್ನು ತಮ್ಮ ವೀಸಾದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಆಫೀಸಿನಲ್ಲಿ ಹೇಳಿಬಿಟ್ಟರು. ಅದನ್ನು ಕೇಳಿ ಇವರ ಮುಖದಲ್ಲಿ ಒಂದು ರೀತಿಯ ಸಮಾಧಾನ ಕಂಡಿತು. ಹೆಂಡತಿಯ ವೀಸಾದಲ್ಲಿ ಕೂರುವ ಗಂಡಸು ಎಂದು ಯಾರೂ ಹೇಳುವ ಹಾಗಿಲ್ಲವಲ್ಲ.

ಊರಿಗೆ ಹೋಗುವುದು ಅದಕ್ಕಿಂತ ಕಷ್ಟ. ನಮ್ಮ ಉಡುಪಿ ಕಡೆ ಗಲ್ಫಿನವರಲ್ಲಿ ಎರಡು ಜಾತಿ ಮಾಡಿಟ್ಟಿದ್ದಾರೆ: ರಜೆಯಲ್ಲಿ ಬಂದವರು ಮತ್ತು ವೀಸಾ ಕ್ಯಾನ್ಸಲ್ ಆಗಿ ಬಂದವರು. ಮೊದಲನೆಯವರನ್ನು ‘ಯಾವಾಗ ಬಂದ್ರಿ?’ ಎಂದು ಕೇಳುತ್ತಾರೆ. ಎರಡನೆಯವರನ್ನು ‘ಯಾವಾಗ ಹೋಗ್ತೀರಿ?’ ಎಂದು ಕೇಳುತ್ತಾರೆ, ಉತ್ತರ ಗೊತ್ತಿದ್ದೇ ಕೇಳುತ್ತಾರೆ. ಇವರು ಪ್ರತಿ ರಜೆಯಲ್ಲೂ ಯಾರ ಯಾರನ್ನೋ ಆ ಪ್ರಶ್ನೆ ಕೇಳಿದ್ದವರೇ. ಈಗ ತನ್ನನ್ನು ಯಾರಾದರೂ ಕ್ಯಾನ್ಸಲ್ ಆದವ ಎಂದರೆ ಆ ದಿನವೇ ಹಾಸಿಗೆ ಹಿಡಿಯುವೆ ಎಂಬಂತೆ ಇದ್ದರು.

ಆಗ ನಮ್ಮ ಪಾಲಿಗೆ ದೇವರು ಬಂದದ್ದು ಅರ್ಬಾಬ್ ರೂಪದಲ್ಲಿ. ಅರ್ಬಾಬ್ ಅಂದರೆ ಧಣಿ; ವಾದಿ ಅದಾಯ್‌ನಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಮಾಲೀಕರು ಅವರು, ವಯಸ್ಸಾದ ಒಮಾನಿ. ಕೆಳಗಿನ ಗ್ಯಾರೇಜುಗಳ ಎದುರು ಕುರ್ಚಿ ಹಾಕಿ ಕೂತಿರುತ್ತಿದ್ದರು. ಅರಬ್ಬಿ ಬೆರೆತ ಹಿಂದಿ ಆಡುತ್ತಿದ್ದರು. ಕಟ್ಟಡದಲ್ಲಿ ಎಲ್ಲಿ ನೀರು ಸೋರಿದರೂ ನನ್ನ ಗಂಡ ಹೋಗಿ ನೋಡುತ್ತಿದ್ದ ಕಾರಣ ಇವರನ್ನು ‘ಮುದೀರ್’ ಎಂದು ಕರೆಯುತ್ತಿದ್ದರು, ಅಂದರೆ ಮ್ಯಾನೇಜರ್. ಅವರಿಗೆ ಬರ್ಕಾ ದಾಟಿದ ಮೇಲೆ ಕಡಲ ಬದಿಗೆ ತಂದೆಯ ಕಾಲದ ಒಂದು ತೋಟ. ಯಾರೂ ನೋಡುವವರಿಲ್ಲದೆ ಹಾಳು ಬಿದ್ದಿತ್ತು. ಪೇಟೆಯಲ್ಲಿ ನೆಲೆಸಿದ ಗಂಡುಮಕ್ಕಳು ಅದನ್ನು ಮಾರಬೇಕೆಂದು ಹಟ ಹಿಡಿದಿದ್ದರು.

“ಬಕ್ರೀದಿಗೆ ಮಕ್ಕಳೆಲ್ಲ ಅಲ್ಲಿ ಸೇರುತ್ತಾರೆ,” ಎಂದರು ಅರ್ಬಾಬ್. “ಅವರು ನೋಡುವಾಗ ತೋಟ ತೋಟದ ಹಾಗೆ ಇದ್ದರೆ ಮಾರುವ ಮಾತಿಲ್ಲ. ನೀನೇ ಅದರ ಮುದೀರ್, ನಿನ್ನ ವೀಸಾ ನನ್ನ ಕೈಯಲ್ಲಿ. ಕಾಡಿನ ಹಾಗೇ ಇದ್ದರೆ ಖಲಾಸ್. ತೋಟವೂ ಖಲಾಸ್, ನೀನೂ ಖಲಾಸ್.”

ಈಸ್ಟರಿಗೆ ಮೊದಲಿನ ನಮ್ಮ ತಪಸ್ಸು ಕಾಲ ಶುರುವಾಗುವ ದಿನಗಳು, ಹವೆ ಇನ್ನೂ ತಂಪಾಗಿತ್ತು. ಶುಕ್ರವಾರ ಮೂವರೂ ಹೋದೆವು. ಗೇಟು ತೆರೆಯಲಿಲ್ಲ. ಬೀಗ ತೆಗೆದದ್ದಾಯಿತು, ಆದರೆ ಒಳಗಿನಿಂದ ಮುಳ್ಳು ಹಿಡಿದುಕೊಂಡಿತ್ತು. ಗೋಡೆಯ ಮೇಲಿಂದ ಇಣುಕಿದರೆ ಜಾಲಿಯೋ ಜಾಲಿ. ಬಯಲುಸೀಮೆಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುತ್ತದಲ್ಲ, ಅದೇ ಬಳ್ಳಾರಿ ಜಾಲಿ. ಅದರ ನಡುವೆ ಅಲ್ಲೊಂದು ಇಲ್ಲೊಂದು ಖರ್ಜೂರದ ಮರಗಳ ತಲೆ ಮಾತ್ರ ಮೇಲಕ್ಕಿತ್ತು.

“ಖರ್ಜೂರ ನನ್ನ ಅಮ್ಮ ನೆಟ್ಟದ್ದು,” ಎಂದರು ಅರ್ಬಾಬ್. “ಈ ಮುಳ್ಳು ನಮ್ಮದಲ್ಲ. ಹೊರಗಿನಿಂದ ಬಂದದ್ದು. ನೆರಳಿಗೆ ಇರಲಿ ಎಂದು ಯಾರೋ ತಂದರು. ಒಂದು ಸಲ ನೀರಿನ ರುಚಿ ಹತ್ತಿದರೆ ಇದನ್ನು ವಾಪಸು ಕಳಿಸಲಿಕ್ಕಾಗುವುದಿಲ್ಲ.”

ನಾನು ಮತ್ತು ಇವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಯಾರನ್ನು ಕೇಳಿದರೂ ಜೆಸಿಬಿ ತರಿಸಿ ಎಂದರು. ಅರ್ಬಾಬ್ ಒಪ್ಪಲಿಲ್ಲ. ಯಂತ್ರ ಒಳಗೆ ಬಂದರೆ ಅಮ್ಮನ ಮರಗಳ ಬೇರು ಹೊರಗೆ ಬರುತ್ತದೆ ಎಂಬ ಭಯ ಅವರಿಗೆ. ಬೆಂಕಿ ಕೊಡುವ ಹಾಗಿಲ್ಲ, ಗೋಡೆಯಾಚೆ ಪಕ್ಕದವರ ಹುಲ್ಲಿನ ಗದ್ದೆ. ಔಷಧ ಹೊಡೆಯೋಣವೆಂದರೆ ನಡುವೆಯೇ ಬಾವಿ. ರುಸೈಲಿನ ಕ್ಯಾಂಪಿನಿಂದ ಪರಿಚಯದ ಹುಡುಗರನ್ನು ರಜೆಯ ದಿನ ಕರೆತರಬಹುದಿತ್ತು, ಆದರೆ ಬೇರೆಯವರ ವೀಸಾದಲ್ಲಿರುವವರನ್ನು ದುಡಿಸಿ ಸಿಕ್ಕಿಬಿದ್ದರೆ ಇರುವ ವೀಸಾವೂ ಹೋದೀತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ ದಿನ ಹೋಗುತ್ತಿತ್ತು. ಇವರು ಬೆಳಗಾದರೆ ಕತ್ತಿ, ಪಿಕ್ಕಾಸು ಕಾರಿನ ಡಿಕ್ಕಿಗೆ ಹಾಕಿ ಒಬ್ಬರೇ ಹೋಗುತ್ತಿದ್ದರು. ಒಂದೊಂದೇ ಖರ್ಜೂರದ ಬುಡ ಬಿಡಿಸುತ್ತಿದ್ದರು. ಬಿಡಿಸಿ ಮುಂದಿನ ಮರಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೊಡ್ಡೆ ಚಿಗುರುತ್ತಿತ್ತು. ಸಂಜೆ ಬಂದು ಕೈ ಚಾಚಿ ಕೂತರೆ ನಾನು ಸೂಜಿಯಿಂದ ಮುಳ್ಳು ತೆಗೆಯುತ್ತಿದ್ದೆ. ಊರಿನಲ್ಲಿ ಇವರ ಮನೆಯಲ್ಲಿ ಮಲ್ಲಿಗೆ ಬೆಳೆಯುತ್ತಿದ್ದರು. ಕಳೆ ಕೀಳು ಎಂದು ಹೇಳುತ್ತಾರೆಂದು ಬೆಳಿಗ್ಗೆ ಎದ್ದ ಕೂಡಲೇ ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದ ಆಸಾಮಿ ಇವರು. ಗಲ್ಫಿಗೆ ಬಂದದ್ದೂ ಆ ತಪ್ಪಿಸಿಕೊಳ್ಳುವುದರ ಮುಂದುವರಿಕೆಯೇ.

ನಮ್ಮವರಿಗೆ ಒಂದು ರೋಗವಿದೆ. ನಾಲ್ಕು ಜನ ಸೇರಿದರೆ ಒಬ್ಬರು ಅಧ್ಯಕ್ಷರಾಗುತ್ತಾರೆ. ಚರ್ಚಿನ ಬಳಗದ ಅಧ್ಯಕ್ಷರಿಗೆ ವಿಷಯ ತಿಳಿದು, “ನಾವೆಲ್ಲ ಇರುವಾಗ ನೀವೊಬ್ರೇ ಎಂತಕ್ಕೆ? ಶ್ರಮದಾನ ಮಾಡುವ,” ಎಂದರು. ನಮ್ಮ ಮನೆಯಲ್ಲೇ ಸಭೆಯಾಯಿತು. ಯಾವ ಬಣ್ಣದ ಟೀಶರ್ಟ್ ಎನ್ನುವುದು ಬೇಗ ತೀರ್ಮಾನವಾಯಿತು, ಕತ್ತಿ ಯಾರು ತರುವುದು ಎನ್ನುವುದು ಆಗಲಿಲ್ಲ. ಆ ಶುಕ್ರವಾರ ಕಾರುಗಳ ಸಾಲೇ ಬಂತು. ಬ್ಯಾನರ್ ಕಟ್ಟಲು ಗಟ್ಟಿ ಮರ ಬೇಕಾಗಿ ಅದನ್ನು ಜಾಲಿಗೇ ಕಟ್ಟಿದರು. ಪ್ರಾರ್ಥನೆಯಾಯಿತು, ಗೋಳಿಬಜೆಯಾಯಿತು, ಅಧ್ಯಕ್ಷರು ಒಂದು ಕೊಂಬೆ ಕಡಿದು ಉದ್ಘಾಟಿಸಿದರು, ಫೋಟೋ ಆಯಿತು. ಬಿಸಿಲು ಏರಿತು. ವಂದನಾರ್ಪಣೆಯ ಹೊತ್ತಿಗೆ ಒಬ್ಬರ ಕಾಲಿಗೆ ಮುಳ್ಳು ಚುಚ್ಚಿ ಎಲ್ಲರೂ ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನಾವಿಬ್ಬರು ಉಳಿದು ಪೇಪರ್ ಪ್ಲೇಟು ಹೆಕ್ಕಿದೆವು.

ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕವರು ನಮ್ಮ ಕಟ್ಟಡದ ಎದುರು ಅಂಗಡಿಯಿಟ್ಟಿದ್ದ ಬ್ಯಾರಿ ಸಾಹೇಬರು. ಬಂಟ್ವಾಳದ ಕಡೆಯವರು. ದಿನಸಿ ವ್ಯಾಪಾರ, ಹಬ್ಬದ ಕಾಲಕ್ಕೆ ಆಡಿನ ವ್ಯಾಪಾರ. ಕ್ರೈಸ್ತರನ್ನು ಕರೆಯುವ ಊರಿನ ಮರ್ಯಾದೆಯಂತೆ ಇವರನ್ನು ಪೊರ್ಬುಗಳೇ ಎಂದೂ ನನ್ನನ್ನು ಬಾಯಮ್ಮ ಎಂದೂ ಕರೆಯುತ್ತಿದ್ದರು.

“ಪೊರ್ಬುಗಳೇ, ನಿಮಗೆ ತಲೆ ಉಂಟಾ?” ಎಂದರು ಅವರು. “ಬಕ್ರೀದಿಗೆ ಮಾರ್ಲಿಕ್ಕೆ ಅಂತ ಒಂದು ಪಿಕಪ್ ಆಡು ತೆಗೆದಿದ್ದೇನೆ. ಕಟ್ಲಿಕ್ಕೆ ಜಾಗ ಇಲ್ಲ, ಮೇವು ತಂದು ಪೂರೈಸುವುದಿಲ್ಲ. ನಿಮ್ಮಲ್ಲಿ ಜಾಗ ಉಂಟು, ಮೇವು ಹೆಚ್ಚಾಗಿ ಸಾಯ್ತಾ ಇದ್ದೀರಿ. ಬಿಟ್ಟುಬಿಡುವ. ಹಬ್ಬಕ್ಕೆ ನನ್ನ ಆಡು ಕೊಬ್ತದೆ, ನಿಮ್ಮ ತೋಟ ಬೋಳಾಗ್ತದೆ.”

“ಆ ಮುಳ್ಳು ತಿಂತಾವಾ ಸಾಹೇಬ್ರೇ?” ಎಂದು ನಾನು ಕೇಳಿದೆ.

“ಎಂತ ಬಾಯಮ್ಮ, ಶಾಲೆಗೆ ಹೋಗಿದ್ದೀರಲ್ಲ. ಆಡು ಮುಟ್ಟದ ಸೊಪ್ಪು ಉಂಟಾ?”

ಅಷ್ಟೇ, ಮುಗಿಯಿತು. ಗಾದೆ ಬಿದ್ದ ಮೇಲೆ ನಮ್ಮವರಲ್ಲಿ ಯಾರೂ ಮುಂದೆ ಯೋಚಿಸುವುದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಅದಕ್ಕೂ ಒಂದು ಗಾದೆ ಮಾಡಿಟ್ಟುಕೊಂಡ ಜನ ನಾವು. ಕೆಲಸ ಹೋದ ಮೇಲೆ ಮೊದಲ ಸಲ ಇವರು ಗಟ್ಟಿಯಾಗಿ ನಕ್ಕರು. ಯಾಕೆ ಇಷ್ಟು ದಿನ ಹೊಳೆಯಲಿಲ್ಲವೋ ಎಂದು ತಮ್ಮ ತಲೆಗೆ ತಾವೇ ಮೊಟಕಿಕೊಂಡರು.

ಆಡುಗಳು ಇಳಿದವು. ಜಾಲಿಯ ಹತ್ತಿರ ಹೋಗಿ ಮೂಸಿದವು. ಮೂಸಿ ಮುಖ ತಿರುಗಿಸಿದವು. ಗಾದೆ ಮಾಡಿದ ಪುಣ್ಯಾತ್ಮ ಬಳ್ಳಾರಿ ಜಾಲಿ ಬರುವ ಮೊದಲೇ ತೀರಿಕೊಂಡಿರಬೇಕು. ಜಾಲಿಯ ಎಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವು ತಿಂದವು. ಖರ್ಜೂರದ ಬುಡದ ಎಳೆ ಸಸಿ ತಿಂದವು, ನಾನು ಆಸೆಯಿಂದ ನೆಟ್ಟ ಬಸಳೆ ತಿಂದವು, ಶ್ರಮದಾನದ ಬ್ಯಾನರಿನ ಒಂದು ತುದಿಯನ್ನೂ ಜಗಿದವು. ಆಮೇಲೆ ಜಾಲಿಯ ಕೆಳಗೆ ಉದುರಿದ್ದ ಹಳದಿ ಕಾಯಿಗಳ ರುಚಿ ಸಿಕ್ಕಿತು ನೋಡಿ, ಬಿಡಲೇ ಇಲ್ಲ. ಅದು ಸಿಹಿ ಅಂತೆ. ದಿನವಿಡೀ ಕರುಂ ಕರುಂ ಎಂದು ಅದೇ. ಆಡುಗಳು ನಿಜವಾಗಿಯೂ ಕೊಬ್ಬಿದವು.

“ಇಗೋ, ತಿನ್ನಲಿಕ್ಕೆ ಶುರುಮಾಡಿದವು,” ಎಂದು ಇವರಿಗೆ ಸಂಭ್ರಮ. “ಕಾಯಿಯಿಂದ ಶುರು. ನಿಧಾನಕ್ಕೆ ಸೊಪ್ಪಿಗೆ ಬರ್ತವೆ.”

“ಆಡು ಊಟದ ಮೊದಲು ಪಾಯಸ ತಿನ್ನುವುದು ನಾನು ಕೇಳಿರಲಿಲ್ಲ,” ಎಂದೆ. ಇವರಿಗೆ ನನ್ನ ನಾಲಗೆ ರೂಢಿಯಾಗಿದೆ, ಕೇಳಿಸಿಕೊಳ್ಳಲಿಲ್ಲ.

ಇವರ ಕಣ್ಣು ಆಗಲೇ ಹಿಕ್ಕೆಯ ಮೇಲೆ ಬಿದ್ದಿತ್ತು. ಮಲ್ಲಿಗೆ ಮನೆಯ ಮಗ ಕೆಲಸ ತಪ್ಪಿಸಿಕೊಂಡಿರಬಹುದು, ಆದರೆ ಗೊಬ್ಬರ ಕಂಡು ಸುಮ್ಮನಿರಲಾರ. ಗೇಟಿನಿಂದ ಬಾವಿಯವರೆಗಿನ ನೆಲವನ್ನು ತಾವೇ ಕಡಿದು, ಅಗೆದು, ಹಸನು ಮಾಡಿದ್ದರು. ಅದೊಂದೇ ಆ ತೋಟದಲ್ಲಿ ತೋಟದ ಹಾಗೆ ಕಾಣುತ್ತಿದ್ದ ಜಾಗ. ಹಬ್ಬಕ್ಕೆ ಬಂದ ಮಕ್ಕಳ ಕಣ್ಣಿಗೆ ಮೊದಲು ಬೀಳುವುದೂ ಅದೇ. ಅಲ್ಲಿ ಮೂಲಂಗಿ, ಕೊತ್ತಂಬರಿ, ಮೇವಿನ ಕುದುರೆಮೆಂತೆ ಬಿತ್ತುವುದೆಂದಾಯಿತು. ಅದಕ್ಕೆ ಮೊದಲು ನೆಲಕ್ಕೆ ಬಲ ಬೇಕು. ಊರಲ್ಲಿ ಮಾಡುವ ಹಾಗೆ ಡ್ರಮ್ಮಿನಲ್ಲಿ ನೀರು ತುಂಬಿಸಿ, ಆಡಿನ ಹಿಕ್ಕೆ ನೆನೆಸಿ, ಕೋಲಿನಿಂದ ಕಲಕಿ, ಆ ಗೊಬ್ಬರದ ನೀರನ್ನು ಬಾಲ್ದಿಯಲ್ಲಿ ಹೊತ್ತು ನೆಲಕ್ಕೆಲ್ಲ ಎರೆದರು. ಮೊಣಕಾಲು ಹಿಡಿದುಕೊಂಡು ಎರೆದರು. ಆಗಲೇ ಸೆಕೆ ಶುರುವಾಗಿತ್ತು. ಒದ್ದೆ ಟವೆಲ್ಲು ತಲೆಗೆ ಹಾಕಿ ಆ ಬಿಸಿಲಲ್ಲಿ ಬಾಗಿ ನಡೆಯುತ್ತಿದ್ದ ಇವರನ್ನು ನೋಡಿದಾಗ ನನಗೆ ಒಳಗೇ ಹೆಮ್ಮೆಯಾಗುತ್ತಿತ್ತು. ಹೇಳಲಿಲ್ಲ, ಹೇಳಿದರೆ ಇನ್ನೊಂದು ಡ್ರಮ್ಮು ತರುತ್ತಿದ್ದರು.

ಬಿತ್ತಿದ ಕೊತ್ತಂಬರಿ ಮೇಲೆ ಬರುವ ಮೊದಲೇ ನೆಲ ಹಸಿರಾಯಿತು. ಒಂದು ಶುಕ್ರವಾರ ನನ್ನನ್ನು ಕರೆದುಕೊಂಡು ಹೋಗಿ ಗೇಟು ತೆರೆದು ನಿಲ್ಲಿಸಿದರು. ನೆಲಕ್ಕೆ ಚಾಪೆ ಹಾಸಿದಂತೆ ಒತ್ತಾಗಿ ಎದ್ದಿತ್ತು. ಬಗ್ಗಿ ನೋಡಿದೆ. ಹುಣಸೆಯ ಸಸಿಯ ಹಾಗೆ ಸಣ್ಣ ಸಣ್ಣ ಎಲೆ.

“ಕೊತ್ತಂಬರಿ ಅಲ್ಲ ಇದು,” ಎಂದೆ.

“ಗೊತ್ತುಂಟು.”

“ಮೂಲಂಗಿಯೂ ಅಲ್ಲ.”

“ಗೊತ್ತುಂಟು ಮಾರಾಯ್ತಿ.”

ಆಡುಗಳು ಜಾಲಿಯ ಕಾಯಿ ತಿಂದು ಬೀಜವನ್ನು ಹೊಟ್ಟೆಯಲ್ಲಿ ಹದ ಮಾಡಿ ಕೊಟ್ಟಿದ್ದವು. ಇವರು ಅದನ್ನು ನೆನೆಸಿ, ಗೊಬ್ಬರದ ಸಮೇತ, ನೀರಿನ ಸಮೇತ, ಒಂದು ಮೂಲೆಯೂ ಬಿಡದೆ ಬಿತ್ತಿದ್ದರು. ಕಾಡು ಕಡಿಯಲು ಹೋದ ಮನುಷ್ಯ ಇಡೀ ತೋಟದಲ್ಲಿ ಬೋಳಾಗಿದ್ದ ಒಂದೇ ಒಂದು ಜಾಗಕ್ಕೆ ಕಾಡು ಹಾಕಿದ್ದರು. ನನಗೆ ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ. ಹಬ್ಬಕ್ಕೆ ಒಂದು ವಾರವಿತ್ತು. ಇಬ್ಬರೂ ನೆಲಕ್ಕೆ ಕೂತು ಕೀಳತೊಡಗಿದೆವು. ಬೆರಳುದ್ದದ ಸಸಿಗೆ ಮೊಳದುದ್ದದ ಬೇರು. ಎಳೆದರೆ ಮೇಲಿನದು ಕೈಗೆ ಬರುತ್ತಿತ್ತು, ಕೆಳಗಿನದು ಕೆಳಗೇ ಉಳಿಯುತ್ತಿತ್ತು.

ಹೊತ್ತು ಏರುವಾಗ ಅರ್ಬಾಬ್ ಬಂದರು. ಗೇಟಿನಲ್ಲಿ ನಿಂತು ನೋಡಿದರು. ಅವರಿಗೆ ಆ ಎಲೆ ಗೊತ್ತಿಲ್ಲದೆ ಇದೆಯೇ? ಇವರು ಎದ್ದು ನಿಂತು, ಕೈಯ ಮಣ್ಣು ಪ್ಯಾಂಟಿಗೆ ಒರೆಸಿಕೊಂಡು, “ಮಾಫ್ ಕರೋ ಅರ್ಬಾಬ್,” ಎಂದರು. ದೊಡ್ಡವರ ಎದುರು ಶಾಲೆಯ ಮಗು ನಿಂತ ಹಾಗೆ ನಿಂತಿದ್ದರು. ನನಗೆ ಅಳು ಬಂತು.

ಅರ್ಬಾಬ್ ಬಹಳ ಹೊತ್ತು ಆ ಹಸಿರನ್ನೇ ನೋಡಿದರು. ಆಮೇಲೆ, “ಕೀಳಬೇಡ ಮುದೀರ್,” ಎಂದರು. “ನೀರು ಹಾಕು.”

ನಮಗೆ ಅರ್ಥವಾಗಲಿಲ್ಲ.

“ನನ್ನ ಮಕ್ಕಳು ಎಸಿಯಲ್ಲಿ ಬೆಳೆದವರು. ಅವರಿಗೆ ಹಸಿರು ಅಂದರೆ ಹಸಿರು. ಒಂದು ವಾರದಲ್ಲಿ ಇದು ಮುಳ್ಳು ತೋರಿಸುವಷ್ಟು ಆಗುವುದಿಲ್ಲ. ಯಲ್ಲಾ, ಬೇಗ ನೀರು ಹಾಕು.”

ನಾವು ಜಾಲಿಗೆ ನೀರು ಹಾಕಿದೆವು. ನಾನೂ ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಮ್ಮ ಕೈಯಾರೆ. ಇಷ್ಟು ಪ್ರೀತಿಯಿಂದ ನಾನು ನನ್ನ ಬಾಲ್ಕನಿಯ ಕರಿಬೇವಿಗೂ ನೀರು ಹಾಕಿದವಳಲ್ಲ.

ಹಬ್ಬದ ದಿನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ದೊಡ್ಡ ದೊಡ್ಡ ಕಾರುಗಳಲ್ಲಿ ಬಂದರು. ಗೇಟಿನಲ್ಲೇ ನಿಂತು ಮಾಶಾ ಅಲ್ಲಾ ಎಂದರು. ಹಿರಿಯ ಮಗ ಬಗ್ಗಿ ಆ ಸಸಿಗಳನ್ನು ಅಂಗೈಯಿಂದ ಸವರಿ, ಇದು ಯಾವ ಬೆಳೆ ಎಂದು ತಂದೆಯನ್ನು ಕೇಳಿದ. ಮೇವಿನದು ಎಂದರು ಅರ್ಬಾಬ್, ಕಣ್ಣು ಮಿಟುಕಿಸದೆ. ಮಕ್ಕಳು ಅಜ್ಜಿಯ ಖರ್ಜೂರದ ಕೆಳಗೆ ಚಾಪೆ ಹಾಸಿದರು, ಫೋಟೋ ತೆಗೆದರು. ಹಿಂದಿನ ಕಾಡು ಫೋಟೋದಲ್ಲಿ ಚೆನ್ನಾಗಿ ಬಂತಂತೆ. ಸಂಜೆಯ ಹೊತ್ತಿಗೆ ಮಾರುವ ಮಾತು ಹೋಗಿ, ಮುಂದಿನ ಹಬ್ಬಕ್ಕೂ ಇಲ್ಲೇ ಸೇರುವ ಮಾತು ಬಂದಿತ್ತು. ಇವರು ಅವತ್ತು ಮನೆಗೆ ಬಂದು, ಬೂಟು ಬಿಚ್ಚದೆ, ಏಸುವಿನ ಪಟದ ಎದುರು ಮೊಣಕಾಲೂರಿದರು. ಗೆದ್ದೆವು ಎಂದೇ ನಾನೂ ತಿಳಿದೆ.

ಹಬ್ಬದ ರಜೆ ಮುಗಿದ ಮೇಲೆ ಅರ್ಬಾಬ್ ವೀಸಾದ ಕೆಲಸಕ್ಕೆ ಕಚೇರಿಗೆ ಹೋದರು. ಅವರು ಸುಳ್ಳು ಹೇಳಿದ್ದು ಮಕ್ಕಳಿಗೆ ಮಾತ್ರ. ತೋಟ ನೋಡಲು ಬಂದ ಅಧಿಕಾರಿ ಎಸಿಯಲ್ಲಿ ಬೆಳೆದವನಲ್ಲ. ಒಂದು ಸಸಿ ಕಿತ್ತು, ಬೇರು ನೋಡಿ, ಎಸೆದು, ಬರೆದುಕೊಂಡು ಹೋದ. ವಾರದ ಮೇಲೆ ಅರ್ಬಾಬ್ ನಮ್ಮ ಮನೆಗೆ ಬಂದು ಕೂತರು. ಚಹಾ ಕುಡಿಯುವವರೆಗೂ ವಿಷಯಕ್ಕೆ ಬರಲಿಲ್ಲ.

“ಮುದೀರ್ ಎನ್ನುವ ವೀಸಾ ಇಷ್ಟು ತೋಟಕ್ಕೆ ಸಿಗುವುದಿಲ್ಲವಂತೆ,” ಎಂದರು. “ಬೆಳೆ ಇಲ್ಲದ ತೋಟಕ್ಕೆ ಕೂಲಿಯವನ ವೀಸಾವೂ ಇಲ್ಲ. ಆದರೆ ಆ ಅಧಿಕಾರಿ ಆಡು ನೋಡಿದ. ಆಡು ಇದ್ದರೆ, ಆಡು ಕಾಯುವವನಿಗೆ ಒಂದು ವೀಸಾ ಉಂಟು.”

ಸಾಹೇಬರ ಆಡುಗಳಲ್ಲಿ ಗಂಡುಗಳೆಲ್ಲ ಹಬ್ಬಕ್ಕೆ ಮಾರಿಹೋಗಿದ್ದವು. ಹೆಣ್ಣಾಡುಗಳು ಉಳಿದಿದ್ದವು. ವೀಸಾ ಇರಬೇಕಾದರೆ ಅವು ಅಲ್ಲೇ ಇರಬೇಕು. ಅವು ಇದ್ದರೆ ಕಾಯಿ ತಿನ್ನುತ್ತವೆ, ಹಿಕ್ಕೆ ಹಾಕುತ್ತವೆ, ಜಾಲಿ ಹುಟ್ಟುತ್ತಲೇ ಇರುತ್ತದೆ. ಜಾಲಿ ಇರುವ ತನಕ ಬೆಳೆ ಇಲ್ಲ, ಬೆಳೆ ಇಲ್ಲದ ತನಕ ಬೇರೆ ವೀಸಾ ಇಲ್ಲ. ಒಟ್ಟಿನಲ್ಲಿ ಆ ತೋಟ ಎಂದಾದರೂ ಹಸನಾದರೆ ನನ್ನ ಗಂಡ ಊರಿಗೆ ಹೋಗಬೇಕು. ಅರ್ಬಾಬ್ ಮುಖ ತಗ್ಗಿಸಿ, ತನಗೆ ನಾಚಿಕೆಯಾಗುತ್ತದೆ ಎಂದರು. ಅವರ ತಪ್ಪೇನೂ ಇರಲಿಲ್ಲ.

ಅವರು ಹೋದ ಮೇಲೆ ನಾನು ಹೇಳಿದೆ, “ಸಾಕು. ನಾನೂ ರಿಸೈನ್ ಮಾಡ್ತೇನೆ. ಒಟ್ಟಿಗೇ ಹೋಗುವ. ಜನ ಎರಡು ದಿನ ಮಾತಾಡ್ತಾರೆ, ಮೂರನೇ ದಿನ ಅವರಿಗೆ ಬೇರೆ ಯಾರಾದರೂ ಸಿಗ್ತಾರೆ.” ನಾನು ಮನಸ್ಸಿನಿಂದಲೇ ಹೇಳಿದ್ದು. ಇಡೀ ಕಾರ್ಖಾನೆಯ ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯನ ಗುರುತಿನ ಚೀಟಿಯಲ್ಲಿ ಆಡು ಕಾಯುವವ ಎಂದು ಬರೆಯುತ್ತಾರೆಂದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡುವುದೆಂದೂ ಗೊತ್ತಾಗುತ್ತಿರಲಿಲ್ಲ.

ಇವರು ಎರಡು ದಿನ ಮತ್ತೆ ರಿಮೋಟಿನ ಬ್ಯಾಟರಿ ತೆಗೆದು ಹಾಕುತ್ತ ಕೂತರು. ಮೂರನೆಯ ದಿನ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಕೊಂಡು ಮೆಡಿಕಲ್ ಟೆಸ್ಟಿಗೆ ಹೋದರು. ಕಾರ್ಡು ಬಂತು. ಅದನ್ನು ಒಮ್ಮೆ ಓದಿ, ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸಿನ ಹಿಂದೆ ಇಟ್ಟರು. ಯಾರಿಗೂ ಹೇಳಬೇಡ ಎಂದು ನನಗೆ ಹೇಳುತ್ತಾರೆಂದು ಕಾದೆ, ಹೇಳಲಿಲ್ಲ.

ಆ ವಾರ ಚರ್ಚಿನಲ್ಲಿ ಪೂಜೆ ಮುಗಿದು ಅಂಗಳಕ್ಕೆ ಬಂದಾಗ ಬಳಗದವರೆಲ್ಲ ನಿಂತಿದ್ದರು. ಅಧ್ಯಕ್ಷರು ಇವರ ಹೆಗಲ ಮೇಲೆ ಕೈ ಹಾಕಿ, “ಎಂತ ಮಾರಾಯ್ರೇ, ವೀಸಾ ಆಯ್ತಂತಲ್ಲ. ಈಗ ಎಂತ ಮಾಡ್ತಿದ್ದೀರಿ?” ಎಂದು ಕೇಳಿದರು.

ಫಾರ್ಮ್ ಮ್ಯಾನೇಜರ್ ಎಂದು ಹೇಳಲಿ ದೇವರೇ ಎಂದು ಬೇಡಿಕೊಂಡೆ.

“ಆಡು ಮೇಯಿಸ್ತೇನೆ,” ಎಂದರು ಇವರು. “ಕಾರ್ಡಿನಲ್ಲಿಯೂ ಹಾಗೇ ಉಂಟು, ಆಡು ಕಾಯುವವ ಅಂತ.”

ಮೊದಲು ಅಧ್ಯಕ್ಷರು ನಕ್ಕರು, ಅವರು ನಕ್ಕದ್ದು ನೋಡಿ ಎಲ್ಲರೂ ನಕ್ಕರು. “ಇವರ ತಮಾಷೆ ಬಿಡ್ಲಿಕ್ಕಿಲ್ಲ,” ಎಂದರು ಒಬ್ಬರು. “ಫಾದರ್‌ಗೆ ಹೇಳುವ, ಏಸು ಹೇಳಿದ ಒಳ್ಳೆಯ ಕುರುಬ ನಮ್ಮಲ್ಲೇ ಇದ್ದಾರೆ ಅಂತ,” ಎಂದರು ಇನ್ನೊಬ್ಬರು. “ಅಷ್ಟು ದೊಡ್ಡ ತೋಟ ಕೈಗೆ ಬಂದಿದೆ, ನಮಗೆ ಹೇಳುವುದು ಆಡಿನ ಕತೆ. ಹೊಟ್ಟೆಕಿಚ್ಚು ಪಡ್ತೇವೆ ಅಂತ ಹೆದರಿಕೆಯಾ?” ಎಂದು ಅಧ್ಯಕ್ಷರು ಬೆನ್ನಿಗೆ ಗುದ್ದಿದರು. ಅವರ ಹೆಂಡತಿ ನನ್ನ ಕೈ ಹಿಡಿದು, “ನೀವು ಪುಣ್ಯ ಮಾಡಿದ್ದೀರಿ,” ಎಂದರು. ಇವರೂ ಎಲ್ಲರ ಜೊತೆ ನಕ್ಕರು. ನಗುವಾಗ ಇವರ ಕಣ್ಣಿನ ಸುತ್ತ ಬಿಸಿಲಿಗೆ ಸುಟ್ಟ ಚರ್ಮ ಸುಕ್ಕುಗಟ್ಟಿತು.

ಕಾರಿನಲ್ಲಿ ಕೂತು ಇಬ್ಬರೂ ಬಾಗಿಲು ಹಾಕಿಕೊಂಡೆವು. ಇವರು ಕೀಲಿ ತಿರುಗಿಸಲಿಲ್ಲ.

“ನಾನು ಸತ್ಯ ಹೇಳಿದೆ ಅಲ್ವಾ?” ಎಂದರು.

“ಹೇಳಿದ್ರಿ.”

“ಎಲ್ಲರ ಎದುರು.”

“ಎಲ್ಲರ ಎದುರೇ ಹೇಳಿದ್ರಿ.”

“ಹಾಗಾದ್ರೆ ಇನ್ನು ಹೇಳ್ಬೇಕು ಅಂತಿಲ್ಲ,” ಎಂದು ಕಾರು ಸ್ಟಾರ್ಟ್ ಮಾಡಿದರು.